ಮಾವನ ಪೆಟ್ಟಿಗೆಯ ಸದ್ದು

ನನ್ನ ಪಾರ್ಲರಿಗೆ ಎರಡು ಹುಬ್ಬು ಇಟ್ಟುಕೊಂಡು ಬಂದು ಒಂದೂವರೆ ಹುಬ್ಬಿನಲ್ಲಿ ವಾಪಸ್ ಹೋದ ಹೆಂಗಸು ಇಷ್ಟು ವರ್ಷದಲ್ಲಿ ಒಬ್ಬಳೇ. ಅದರಲ್ಲಿ ನನ್ನ ತಪ್ಪು ಎಳ್ಳಷ್ಟೂ ಇಲ್ಲ. ದಾರದ ಒಂದು ತುದಿ ನನ್ನ ಹಲ್ಲಿನಲ್ಲಿತ್ತು, ಇನ್ನೊಂದು ಬೆರಳಲ್ಲಿತ್ತು, ಕಣ್ಣು ಅವಳ ಹುಬ್ಬಿನ ಮೇಲೇ ಇತ್ತು. ಅಷ್ಟರಲ್ಲಿ ಗೋಡೆಯಾಚೆಯಿಂದ ‘ಧ್ರೋಂ’ ಅಂತ ಒಂದು ಸದ್ದು ಬಂತು ನೋಡಿ, ಅವಳು ಕುರ್ಚಿಯಿಂದ ಗೇಣುದ್ದ ಎದ್ದಳು, ಹುಬ್ಬು ಏಳಲಿಲ್ಲ. ಅದು ದಾರದಲ್ಲೇ ಉಳಿಯಿತು. ಆವತ್ತಿಂದ ಅವಳು ಬೇರೆ ಪಾರ್ಲರ್ ಹಿಡಿದಳು, ನಾನು ಗೋಡೆ ತಟ್ಟಿ ಬೈಯುವ ಅಭ್ಯಾಸ ಹಿಡಿದೆ.

ಗೋಡೆಯಾಚೆ ಇರುವವನು ತಕ್ಕಡಿ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಕೇಳಿದರೆ ಅವನ ಹೆಂಡತಿಯೂ ಒಂದು ಕ್ಷಣ ಯೋಚನೆ ಮಾಡುತ್ತಾಳೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ಬಟ್ಟು, ಅಳತೆಪಾತ್ರೆ ಎಲ್ಲ ಪರೀಕ್ಷೆ ಮಾಡಿ ಮುದ್ರೆ ಒತ್ತುವುದು ಅವನ ಕೆಲಸ. ಕೆಲಸ ಆಫೀಸಿನಲ್ಲಿ ಬಿಟ್ಟು ಬಂದರೆ ಚೆಂದ, ಇವನು ಮನೆಗೂ ತರುತ್ತಿದ್ದ. ನನ್ನ ಶಾಂಪೂ ಬಾಟಲಿಯಲ್ಲಿ ಬರೆದಿದ್ದಕ್ಕಿಂತ ಒಂದು ಚಮಚ ಕಡಿಮೆ ಇದೆ ಅಂತ ಕಂಪನಿಗೆ ನೋಟೀಸು ಕಳಿಸಲು ಹೊರಟಿದ್ದ ಪುಣ್ಯಾತ್ಮ. “ಅಳತೆ ಸರಿ ಇದ್ರೆ ಎಲ್ಲಾ ಸರಿ ಅಕ್ಕ,” ಅನ್ನುವುದು ಅವನ ಮಂತ್ರ. ಈ ಮಂತ್ರವೇ ಅವನಿಗೆ ಮುಳುವಾಯಿತು, ಅದನ್ನೇ ಈಗ ಹೇಳಹೊರಟಿದ್ದೇನೆ.

ಆ ‘ಧ್ರೋಂ’ ಬರುತ್ತಿದ್ದದ್ದು ಮಾವನ ಪೆಟ್ಟಿಗೆಯಿಂದ. ಮಾವ ಅಂದರೆ ತಕ್ಕಡಿಯ ಸೋದರಮಾವ. ಪ್ರಾಯದಲ್ಲಿ ಒಂದು ದೊಡ್ಡ ಹೋಟೆಲಿನ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದವರು. ಪೆಟ್ಟಿಗೆ ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಹಳೇ ಕಾಲದ ಆಂಪ್ಲಿಫೈಯರ್. ಒಳಗೆ ಗಾಜಿನ ಬುಡ್ಡಿಗಳು, ಸ್ವಿಚ್ ಹಾಕಿದರೆ ನಿಧಾನಕ್ಕೆ ಕೆಂಪಗೆ ಹೊಳೆಯುತ್ತವೆ. ಮಗಳ ಮನೆಗೆ ಹೋಗಿ ನೆಲೆಸುವಾಗ ಅಷ್ಟು ಭಾರದ್ದನ್ನು ಮಹಡಿ ಮೇಲೆ ಹೊರಲಾಗದೆ, “ನಿನ್ನ ಹತ್ರ ಇರ್ಲಿ ಕಣೋ, ಬಂದಾಗ ನುಡಿಸ್ತೀನಿ,” ಅಂತ ತಕ್ಕಡಿಯ ಮನೆಯಲ್ಲಿ ಇಟ್ಟಿದ್ದರು. ಭಾನುವಾರ ಬರುವುದು, ಟೀ ಲೋಟವನ್ನು ಪೆಟ್ಟಿಗೆಯ ತಲೆ ಮೇಲೆ ಇಡುವುದು, ಕಣ್ಣು ಮುಚ್ಚಿ ನುಡಿಸುವುದು, ಆಮೇಲೆ ಟೀ ಕುಡಿದು ಹೋಗುವುದು. ಹಾಗೆ ಇಟ್ಟೂ ಇಟ್ಟೂ ಪೆಟ್ಟಿಗೆಯ ಮೇಲೆ ಲೋಟದ ಉಂಗುರಗಳು ಒಂದರ ಮೇಲೊಂದು ಬಿದ್ದಿದ್ದವು. ಆ ಪೆಟ್ಟಿಗೆಯ ಗುಂಡಿಗಳ ಮೇಲಿನ ಅಂಕಿ ಅಳಿಸಿಹೋದಾಗ, ಮಾವನಿಗೆ ಬೇಕಾದ ಜಾಗದಲ್ಲಿ ಕೆಂಪು ಚುಕ್ಕೆ ಇಡಲು ನೈಲ್ ಪಾಲಿಶ್ ಕೊಟ್ಟವಳೂ ನಾನೇ. ಬೈಯುವುದು ಬೇರೆ, ನೆರೆಹೊರೆ ಬೇರೆ.

ಬರಬರುತ್ತಾ ಮಾವ ಬರುವುದು ಕಡಿಮೆಯಾಯಿತು, ಮಾವನಿಂದ ಕಲಿತಷ್ಟನ್ನು ತಕ್ಕಡಿಯೇ ಸಂಜೆ ಹೊತ್ತು ನುಡಿಸುತ್ತಿದ್ದ. ಒಂದು ದಿನ ನೋಡಿದರೆ ಗೋಡೆಯಾಚೆ ಸದ್ದೇ ಇಲ್ಲ. ಸಂಜೆ ತಕ್ಕಡಿ ನನ್ನ ಬಾಗಿಲಿಗೆ ಬಂದ. ಕಂಕುಳಲ್ಲಿ ಪೆಡಲುಗಳಿರುವ ಒಂದು ಚಪ್ಪಟೆ ಡಬ್ಬಿ, ಮುಖದಲ್ಲಿ ಮದುವೆ ಗಂಡಿನ ಕಳೆ.

“ಅಕ್ಕ, ಮೊಡೆಲರ್ ಅಂತಾರೆ ಇದನ್ನ. ಪೂರ್ತಿ ಕಂಪ್ಯೂಟರ್. ಇದರೊಳಗೆ ಇನ್ನೂರು ಆಂಪ್ ಇದೆ!”

“ಒಂದಕ್ಕೇ ನನ್ನ ಗಿರಾಕೀದು ಅರ್ಧ ಹುಬ್ಬು ಹೋಯ್ತು. ಇನ್ನೂರು ಇಟ್ಕೊಂಡು ಬೀದೀಲಿ ಯಾರನ್ನ ಉಳಿಸ್ಬೇಕು ಅಂತಿದೀಯಪ್ಪ?”

“ಹೆಡ್‌ಫೋನ್ ಹಾಕ್ಕೊಂಡ್ರೆ ಆಯ್ತು. ಆ ಹಳೇ ಗೂಡು ಎಕ್ಸ್‌ಚೇಂಜಿಗೆ ಹೋಯ್ತು. ಅಂಗಡಿಯವನು ಹೇಳ್ದ, ಮಾವನ ಪೆಟ್ಟಿಗೆ ಥರದ್ದೂ ಇದರೊಳಗೇ ಇದೆಯಂತೆ.”

ನಾನಂತೂ ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ. ಅವನ ಹೆಂಡತಿ ಮಾತ್ರ ಪೆಟ್ಟಿಗೆ ಇದ್ದ ಜಾಗದಲ್ಲಿ ಉಳಿದ ಧೂಳಿನ ಚೌಕವನ್ನು ನೋಡುತ್ತಾ, “ಮಾವನ್ನ ಒಂದು ಮಾತು ಕೇಳ್ಬೇಕಿತ್ತು ರೀ,” ಅಂದಳಂತೆ. ಇವನು, “ಬಂದಾಗ ತೋರಿಸೋಣ, ಆಶ್ಚರ್ಯಪಡ್ತಾರೆ,” ಅಂದನಂತೆ.

ಆಶ್ಚರ್ಯಪಡುವ ಸರದಿ ಇವನಿಗೇ ಬಂತು. ಮಾವ ಫೋನ್ ಮಾಡಿದರು. ಎಡಗೈಯ ಎರಡು ಬೆರಳು ಒಳಕ್ಕೆ ಮಡಚಿಕೊಳ್ಳುತ್ತಿವೆ, ಡಾಕ್ಟರು ಆಪರೇಷನ್ ಹೇಳಿದ್ದಾರೆ, ಆಮೇಲೆ ಬೆರಳು ಆಡುತ್ತೋ ಇಲ್ಲವೋ ಗ್ಯಾರಂಟಿ ಕೊಡಲ್ಲ ಅಂತಾರೆ. “ಅದಕ್ಕೆ ಮುಂಚೆ ಒಂದ್ಸಲ ಬಂದು ನುಡಿಸಿ ಹೋಗ್ತೀನಿ ಕಣೋ. ನನ್ನ ಪೆಟ್ಟಿಗೇಲೇ ನುಡಿಸ್ಬೇಕು. ಹೇಗಿದೆ ಅದು?”

ಮನುಷ್ಯ ಆದವನು ಇಲ್ಲಿ ಉಸಿರು ಎಳೆದುಕೊಂಡು ನಿಜ ಹೇಳಬೇಕು. ಇವನು, “ಗುಂಡುಕಲ್ಲಿನ ಹಾಗಿದೆ ಮಾವ!” ಅಂದುಬಿಟ್ಟ.

ಫೋನ್ ಇಟ್ಟವನೇ ವಾದ್ಯದ ಅಂಗಡಿಗೆ ಓಡಿದ. ಅಂಗಡಿಯವನು ಬಹಳ ಮರ್ಯಾದಸ್ಥ, ಕುರ್ಚಿ ಹಾಕಿ ಕೂರಿಸಿಯೇ ಕೆಟ್ಟ ಸುದ್ದಿ ಹೇಳಿದ.

“ಅದಾ ಸಾರ್? ಬಿಚ್ಚಿ ಮಾರಿಬಿಟ್ಟೆ. ಬುಡ್ಡಿಗಳು ಒಬ್ರಿಗೆ ಹೋಯ್ತು, ಸ್ಪೀಕರ್ ಇನ್ನೊಬ್ರಿಗೆ, ಒಳಗಿನ ಟ್ರಾನ್ಸ್‌ಫಾರ್ಮರ್ ಕಬ್ಬಿಣ ಯಾರು ತಗೊಂಡ್ರೋ ಮರ್ತೋಯ್ತು. ಮರದ ಪೆಟ್ಟಿಗೆ ಮಾತ್ರ ನಮ್ಮಲ್ಲೇ ಇದೆ.”

“ಎಲ್ಲಿ?”

“ಹಿಂದುಗಡೆ. ನಮ್ಮ ನಾಯಿ ಮಲಗುತ್ತೆ. ಮೇಲಿದ್ದ ಕಲೆ ಎಲ್ಲಾ ಉಜ್ಜಿ ತೆಗೆದು ಪಾಲಿಶ್ ಹೊಡೆಸಿದೀನಿ, ನೋಡಿ ಹೇಗೆ ಮಿಂಚ್ತಿದೆ!”

ತಕ್ಕಡಿ ನಾಯಿಯ ಎದುರು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಸಂಧಾನ ಮಾಡಿದ. ಕೊನೆಗೆ ತನ್ನ ಹಾಸಿಗೆಗೆಂದು ಹೊಸದಾಗಿ ಕೊಂಡಿದ್ದ ದಪ್ಪ ರಜಾಯಿಯನ್ನು ಅದಕ್ಕೆ ತಂದುಕೊಟ್ಟ ಮೇಲೆ ನಾಯಿ ಎದ್ದು ಜಾಗ ಬಿಟ್ಟಿತು. ಖಾಲಿ ಪೆಟ್ಟಿಗೆ ಹೊತ್ತು ಮನೆಗೆ ಬಂದ ಗಂಡನನ್ನು ನೋಡಿ ಹೆಂಡತಿ ಹಣೆ ಚಚ್ಚಿಕೊಂಡಳು. ಆ ಮಾತುಕತೆ ಗೋಡೆ ದಾಟಿ ನನಗೆ ಅಕ್ಷರ ಅಕ್ಷರ ಕೇಳಿಸಿತು.

“ರೀ, ನಿಜ ಹೇಳಿಬಿಡಿ. ಬೈತಾರೆ, ಅಷ್ಟೇ ತಾನೆ?”

“ಬೈದ್ರೆ ಬೈಸ್ಕೋತೀನಿ ಕಣೇ. ಆಪರೇಷನ್ ಮುಂಚೆ ಅವರ ಮನಸ್ಸು ಮುರೀಬೇಕಾ? ಡಬ್ಬಿಯೊಳಗೆ ಇನ್ನೂರು ಇದೆ. ಅದರಲ್ಲಿ ಒಂದನ್ನ ಮಾವನ ಪೆಟ್ಟಿಗೆ ಮಾಡಕ್ಕಾಗಲ್ವಾ ನನ್ನ ಕೈಲಿ? ಎಲ್ಲಾ ಅಳತೆ ತಾನೆ!”

ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ. ಖಾಲಿ ಪೆಟ್ಟಿಗೆಯಲ್ಲಿ ಬೇರೆ ಸ್ಪೀಕರ್ ಕೂರಿಸಿದ, ಹಿಂದೆ ಕಾಣದ ಹಾಗೆ ಡಬ್ಬಿ ಬಚ್ಚಿಟ್ಟ. ಆದರೆ ಹಳೇ ಸದ್ದು ಹೇಗಿತ್ತು ಅಂತ ಗೊತ್ತಿರುವವರು ಯಾರು? ಅವನ ಹೆಂಡತಿಗೆ ‘ಜೋರಾಗಿತ್ತು’ ಅನ್ನುವುದಷ್ಟೇ ನೆನಪು. ಅವನಿಗೋ ಪೆಟ್ಟಿಗೆಯ ಉದ್ದಗಲ, ತೂಕ ಮಾತ್ರ ನೆನಪು. ಮತ್ತೆ ನನ್ನ ಬಾಗಿಲಿಗೇ ಬಂದ.

“ಅಕ್ಕ, ಆ ಸದ್ದನ್ನ ಇಷ್ಟು ವರ್ಷ ಕೂತು ಬೈದೋರು ನೀವೊಬ್ರೇ. ನಿಮ್ಮಷ್ಟು ಗಮನ ಕೊಟ್ಟು ಕೇಳಿದೋರು ಯಾರೂ ಇಲ್ಲ. ನೀವೇ ತೀರ್ಪು ಹೇಳ್ಬೇಕು.”

ಹೀಗೆ ಹೊಗಳಿದರೆ ಇಲ್ಲ ಅನ್ನುವುದು ಹೇಗೆ? ಒಪ್ಪಿಕೊಂಡೆ. ಅವನು ಆ ಕಡೆ ನುಡಿಸುವುದು, ನಾನು ಈ ಕಡೆ ಯಾರದೋ ಮುಖಕ್ಕೆ ಪ್ಯಾಕ್ ಹಚ್ಚುತ್ತಾ ಗೋಡೆ ತಟ್ಟಿ ಹೇಳುವುದು.

ಮೊದಲ ದಿನ ಬಂದ ಸದ್ದು ಕಂಬಳಿ ಹೊದ್ದು ಮಲಗಿದವನು ಒಳಗಿಂದ ಹಾಡಿದ ಹಾಗಿತ್ತು. ಕುರ್ಚಿಯಲ್ಲಿದ್ದ ಗಿರಾಕಿ, “ಯಾರಿಗೋ ಹುಷಾರಿಲ್ವಾ?” ಅಂತ ಕೇಳಿದಳು. ತಕ್ಕಡಿ ಅಂಗಡಿಗೆ ಫೋನ್ ಮಾಡಿದ. ಡಬ್ಬಿಯೊಳಗೆ ಆಂಪಿನ ನಕಲಿನ ಜೊತೆಗೆ ಮರದ ಪೆಟ್ಟಿಗೆಯ ನಕಲೂ ಇರುತ್ತದಂತೆ. ಅದನ್ನು ಆಫ್ ಮಾಡದೆ ನಿಜವಾದ ಪೆಟ್ಟಿಗೆಯಲ್ಲಿ ನುಡಿಸಿದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ ಸೇರಿ ಸದ್ದು ಉಸಿರು ಕಟ್ಟುತ್ತದಂತೆ. ಆಫ್ ಮಾಡಿದ. ಸದ್ದು ಕಂಬಳಿ ಕಿತ್ತೆಸೆದು ಎದ್ದು ಕೂತಿತು.

“ಈಗ ಅಕ್ಕ?”

“ಹತ್ತಿರ ಬಂದಿದೆ. ಆದ್ರೆ ಅದಲ್ಲ.”

ಕೆಂಪು ಚುಕ್ಕೆಗಳು ಗುಂಡಿಯ ಯಾವ ಓರೆಯಲ್ಲಿದ್ದವು ಅಂತ ನನ್ನನ್ನೇ ಕೇಳಿದ. ನಾನು ಬೆರಳಲ್ಲಿ ತೋರಿಸಿದೆ, ಅವನು ನನ್ನ ಬೆರಳಿಗೇ ಕೋನಮಾಪಕ ಹಿಡಿದ. ದಪ್ಪ ಸ್ವರ ಇಷ್ಟು, ತೆಳು ಸ್ವರ ಇಷ್ಟು ಅಂತ ಡಬ್ಬಿಯ ಸ್ಕ್ರೀನಿನಲ್ಲಿ ತಿದ್ದಿದ. ಹತ್ತಿರ ಬಂತು, ಆದರೆ ಅದಲ್ಲ. ಆಫೀಸಿನಲ್ಲೂ ಇದೇ ಗುಂಗು. ಒಂದು ಅಂಗಡಿಗೆ ತಪಾಸಣೆಗೆ ಹೋದವನು ಮೂಲೆಯ ಹಳೇ ಫ್ರಿಜ್ಜಿಗೆ ಕಿವಿ ಹಚ್ಚಿ ನಿಂತುಬಿಟ್ಟನಂತೆ. ಅಂಗಡಿಯವನು ಹೆದರಿ, ಕೇಳದೆಯೇ ತನ್ನ ಮೋಸದ ಬಟ್ಟನ್ನು ತಾನೇ ತಂದು ಕಾಲ ಬಳಿ ಇಟ್ಟನಂತೆ. ಇಲಾಖೆಯಲ್ಲಿ ಇವನ ಹೆಸರು ದೊಡ್ಡದಾಯಿತು.

ಫ್ರಿಜ್ಜು ಇವನಿಗೆ ಜ್ಞಾನೋದಯ ಮಾಡಿಸಿತ್ತು. ಮಾವನ ಪೆಟ್ಟಿಗೆ ಸುಮ್ಮನಿದ್ದಾಗಲೂ ಸುಮ್ಮನಿರುತ್ತಿರಲಿಲ್ಲ, ಒಳಗಿನ ಟ್ರಾನ್ಸ್‌ಫಾರ್ಮರು ಹಳೇ ಫ್ರಿಜ್ಜಿನ ಹಾಗೇ ‘ಗೂಂ’ ಅನ್ನುತ್ತಿತ್ತು. ಡಬ್ಬಿಯಲ್ಲಿ ಆ ಗೂಂಗುಟ್ಟುವುದಕ್ಕೂ ಒಂದು ಗುಂಡಿ ಇತ್ತು. ಪೂರ್ತಿ ತಿರುಗಿಸಿಟ್ಟು, ಅರ್ಧ ದಿನ ಹಾಗೇ ಬಿಟ್ಟು, ಆಮೇಲೆ ನನ್ನ ತೀರ್ಪು ಕೇಳಲು ಬಾಗಿಲಿಗೆ ಬಂದ. ನಾನು ಒಬ್ಬಳ ತಲೆಗೆ ಬಣ್ಣ ಹಚ್ಚುತ್ತಿದ್ದೆ, ಬಾಯಿ ತೆರೆಯುವಷ್ಟರಲ್ಲಿ ಬೀದಿಯ ಕರೆಂಟೆಲ್ಲ ಹೋಯಿತು.

ಆದದ್ದು ಇಷ್ಟು. ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ಟರು ಆ ‘ಗೂಂ’ ಕೇಳಿ, ಬೀದಿಯ ಟ್ರಾನ್ಸ್‌ಫಾರ್ಮರ್ ಇನ್ನೇನು ಸಿಡಿಯುತ್ತೆ, ನಾನು ಸತ್ತರೆ ನೀವೇ ಹೊಣೆ ಅಂತ ಕರೆಂಟ್ ಆಫೀಸಿಗೆ ಫೋನ್ ಮಾಡಿದ್ದರು. ಅವರ ಹಳೇ ಶಿಷ್ಯನೇ ಅಲ್ಲಿ ಎಂಜಿನಿಯರು. ಮೇಷ್ಟ್ರ ದನಿ ಕೇಳಿದರೆ ಇವತ್ತಿಗೂ ಎದ್ದು ನಿಲ್ಲುವ ಮನುಷ್ಯ, ಹಾಗೇ ಎದ್ದು ಲೈನ್‌ಮನ್ನನ್ನೂ ಕರೆದುಕೊಂಡು ಬಂದ. ಲೈನ್‌ಮನ್ನು ನಮ್ಮ ಗೋಡೆಗೆ ಕಿವಿಯಿಟ್ಟ, ಮುಖ ಸಪ್ಪಗೆ ಮಾಡಿದ, ಹೋಗಿ ಕರೆಂಟು ತೆಗೆದ. ಗೂಂಗುಟ್ಟುವುದು ನಿಂತಿತು. ಎಂಜಿನಿಯರು ತಕ್ಕಡಿಯ ಕಡೆ ತಿರುಗಿದ.

“ನೋಡಿದ್ರಾ ಸಾರ್, ಟ್ರಾನ್ಸ್‌ಫಾರ್ಮರೇ! ತೆಗೆದ ತಕ್ಷಣ ನಿಂತ್ಹೋಯ್ತು.”

ತಕ್ಕಡಿಯ ಕಣ್ಣು ಅಗಲವಾಯಿತು. “ಅಂದ್ರೆ, ಇದು ಅಸಲಿ ಹಳೇ ಟ್ರಾನ್ಸ್‌ಫಾರ್ಮರ್ ಸದ್ದು ಅಂತೀರಾ?”

“ನೂರಕ್ಕೆ ನೂರು. ನನ್ನ ಸರ್ವೀಸೆಲ್ಲಾ ಇದನ್ನೇ ಕೇಳಿದೀನಿ.”

“ನಕಲಿ ಅಂತ ಒಂಚೂರೂ ಅನುಮಾನ ಇಲ್ಲ?”

“ನಕಲಿ ಟ್ರಾನ್ಸ್‌ಫಾರ್ಮರ್ ಯಾರು ಸಾರ್ ಮಾಡ್ತಾರೆ?”

“ಸ್ವಲ್ಪ ಬರೆದು ಕೊಡ್ತೀರಾ?”

ಸರ್ಕಾರಿ ಮನುಷ್ಯನೊಬ್ಬ ಇನ್ನೊಬ್ಬ ಸರ್ಕಾರಿ ಮನುಷ್ಯನ ಹತ್ತಿರ ಬರೆದು ಕೊಡು ಅಂದರೆ ಮುಗಿಯಿತು. ಎಂಜಿನಿಯರು ಬೆವರಿದ. “ಬರವಣಿಗೆ ಎಲ್ಲಾ ಯಾಕೆ ಸಾರ್, ಒಂದೇ ಇಲಾಖೆಯವರ ಥರ ಇದೀವಿ,” ಅಂತ ಕೈ ಮುಗಿದು ಹೋದ. ಮುಂದಿನ ವಾರ ನಮ್ಮ ಬೀದಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಹಳೇದರಲ್ಲಿ ಏನೂ ಕೆಟ್ಟಿರಲಿಲ್ಲ. ಕರೆಂಟಿಲ್ಲದೆ ಪಂಪು ಓಡದೆ, ನೀರಿಲ್ಲದೆ, ನನ್ನ ಗಿರಾಕಿಯ ತಲೆಗೆ ಹಚ್ಚಿದ ಬಣ್ಣ ತೊಳೆಯುವುದು ತಡವಾಗಿ ಅವಳ ಅರ್ಧ ತಲೆ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ಮಾತ್ರ ಯಾವ ಇಲಾಖೆಯೂ ಕೇಳಲಿಲ್ಲ.

ಆಮೇಲೆ ಕಟ್ಟಡದವರೆಲ್ಲ ಸೇರಿಕೊಂಡರು. ಕರೆಯದೆ ಬರುವುದರಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ. ಹೆಂಡತಿ ನೆನಪಿಸಿದಳು: “ಸ್ವಿಚ್ ಹಾಕಿದ ತಕ್ಷಣ ಸದ್ದು ಬರ್ತಿರ್ಲಿಲ್ಲ ರೀ. ನಾನು ತಲೆ ಬಾಚಿ ಜಡೆ ಹಾಕೋವರೆಗೂ ಕಾಯ್ಬೇಕಿತ್ತು.” ಸರಿ, ಅವಳಿಗೆ ಜಡೆ ಹಾಕಿಸಿ ಹೊತ್ತು ಅಳೆದ. ಅಷ್ಟು ಹೊತ್ತು ಸದ್ದು ತಡೆಯಲು ಕಿಟಕಿಯ ಪರದೆಯ ಹಿಂದೆ ಕಾಲಲ್ಲಿ ಒತ್ತುವ ಒಂದು ಪೆಡಲು ಇಟ್ಟ. ಹೆಡ್‌ಮಾಸ್ಟರು, ಮಿಕ್ಸಿ ಹಾಕಿದಾಗ ಅದು ಚಟಪಟ ಅನ್ನುತ್ತಿತ್ತು ಅಂದರು. ಚಟಪಟವೂ ಸೇರಿತು. ಬುಡ್ಡಿಗಳ ಬೆಳಕು ಕಾಣಬೇಕಲ್ಲ ಅಂತ ಜಾಲರಿಯ ಹಿಂದೆ ಕೆಂಪು ಎಲ್‌ಇಡಿ ದೀಪ ಹಾಕಿದ, ಮುಂದೆ ಸುಮ್ಮನೆ ತಿರುಗುವ ಗುಂಡಿ ಕೂರಿಸಿ ನನ್ನ ನೈಲ್ ಪಾಲಿಶಿನಲ್ಲೇ ಚುಕ್ಕೆ ಇಟ್ಟ.

ಉಳಿದದ್ದು ಲೋಟದ ಉಂಗುರ. ಪಾಲಿಶ್ ಹೊಡೆದ ಮರದ ಮೇಲೆ ಟೀ ಲೋಟ ಇಟ್ಟು ಇಟ್ಟು ತೆಗೆದ. ಹಳೇ ಫೋಟೋ ಒಂದನ್ನು ಭೂತಕನ್ನಡಿಯಲ್ಲಿ ನೋಡಿ, ಯಾವ ಉಂಗುರ ಯಾವುದರ ಮೇಲೆ ಎಷ್ಟು ಹತ್ತಿದೆ ಅಂತ ಸ್ಕೇಲಿನಲ್ಲಿ ಅಳೆದ. ಗಾಢ ಬರಲಿ ಅಂತ ಡಿಕಾಕ್ಷನ್ ಹಚ್ಚಿದ. ಉಂಗುರಗಳು ಬಿದ್ದವು, ಥೇಟ್ ಅವೇ. ಅವು ಯಾಕೆ ಬಿದ್ದಿದ್ದವು ಅಂತ ಅವನೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಕೊನೆಯ ಪರೀಕ್ಷೆಯ ದಿನ ಗೋಡೆಯಾಚೆಯಿಂದ ‘ಧ್ರೋಂ’ ಅಂತು. ನನ್ನ ಕೈಯಲ್ಲಿದ್ದ ದಾರ ತುಂಡಾಯಿತು, ಗಿರಾಕಿ ಕುರ್ಚಿಯಿಂದ ಎದ್ದಳು. ನಾನು ಅಭ್ಯಾಸಬಲದಿಂದ ಬೈದೆ. ಬೈದ ಮೇಲೆ ಹೊಳೆಯಿತು.

ಗೋಡೆಯಾಚೆ ತಕ್ಕಡಿ ಕುಣಿಯುತ್ತಿದ್ದ. “ಬೈದ್ರು ಕಣೇ! ಅಕ್ಕ ಬೈದ್ರು!”

ಭಾನುವಾರ ಬೆಳಿಗ್ಗೆ ಮಾವ ಬಂದರು. ಅರ್ಧ ಆಗಿದ್ದರು. ಎಡಗೈ ಬೆರಳು ಎರಡು ಅಂಗೈಗೆ ಅಂಟಿಕೊಳ್ಳುವಷ್ಟು ಬಾಗಿದ್ದವು. ನಾನು ಪಾರ್ಲರಿಗೆ ಬೀಗ ಹಾಕಿ ತಕ್ಕಡಿಯ ಮನೆಯಲ್ಲೇ ಕೂತೆ, ಹೆಡ್‌ಮಾಸ್ಟರು ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡರು. ಮಾವ ಪೆಟ್ಟಿಗೆಯನ್ನು ನೋಡಿ, ಊರಿಂದ ಬಂದವರು ಮಗುವನ್ನು ನೋಡುವ ಹಾಗೆ ನಕ್ಕರು. ಉಂಗುರಗಳ ಮೇಲೆ ಬೆರಳಾಡಿಸಿದರು. ಹೆಂಡತಿ ಕೊಟ್ಟ ಹೊಗೆಯಾಡುವ ಟೀಯನ್ನು ಸರಿಯಾಗಿ ಉಂಗುರದ ಮೇಲೇ ಇಟ್ಟರು. ತಕ್ಕಡಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಸ್ವಿಚ್ ಹಾಕಿ, ಒಂದು ಕಾಲು ಪರದೆಯ ಹಿಂದೆ ಇಟ್ಟು ಕೊಕ್ಕರೆ ಹಾಗೆ ನಿಂತ.

“ಯಾಕೋ ಹಾಗೆ ನಿಂತಿದೀಯ?”

“ಕಾಲು ಜೋಮು ಮಾವ. ಸ್ವಲ್ಪ ತಾಳಿ, ಬುಡ್ಡಿ ಬಿಸಿಯಾಗ್ಲಿ.”

ಮಾವ ಕಾದರು. ಗೂಂ ಅಂದಿತು, ಚಟಪಟ ಅಂದಿತು. ಆಮೇಲೆ ಅವರು ನುಡಿಸಿದರು. ಬಾಗಿದ ಬೆರಳನ್ನು ಬಿಟ್ಟು ಉಳಿದ ಬೆರಳಲ್ಲೇ, ಎಲ್ಲಿ ಕೈ ಎಟುಕಲಿಲ್ಲವೋ ಅಲ್ಲಿ ಸುಮ್ಮನೆ ಬಿಟ್ಟು, ಮತ್ತೆ ಹಿಡಿದು. ಇಷ್ಟು ವರ್ಷ ಗೋಡೆ ತಟ್ಟಿದವಳು ನಾನು, ಅವತ್ತು ಸೆರಗಿನಿಂದ ಮೂಗು ಒರೆಸಿಕೊಂಡೆ. ಮೆಟ್ಟಿಲ ಮೇಲೆ ಹೆಡ್‌ಮಾಸ್ಟರು ಕೆಮ್ಮುವುದನ್ನೂ ಮರೆತಿದ್ದರು.

“ಅದೇ ಕಣೋ,” ಅಂದರು ಮಾವ ಕಣ್ಣು ತೆರೆದು. “ಅದೇ ಸದ್ದು.”

ತಕ್ಕಡಿಯ ಮುಖ ಹೇಗೆ ಅರಳಿತು ಅಂತೀರಿ! ಇಲಾಖೆಯ ಮುದ್ರೆಗಳೆಲ್ಲ ಒಟ್ಟಿಗೆ ಬಿದ್ದ ಹಾಗೆ.

ಮಾವ ಟೀ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಬಲ ಅಂಗೈಯನ್ನು ಪೆಟ್ಟಿಗೆಯ ಮೇಲೆ ಚಪ್ಪಟೆಯಾಗಿ ಇಟ್ಟು, ನಿಧಾನವಾಗಿ ಆ ಕಡೆಯಿಂದ ಈ ಕಡೆಗೆ ಸರಿಸಿದರು, ಮಗುವಿಗೆ ಜ್ವರ ಇದೆಯಾ ಅಂತ ನೋಡುವ ಹಾಗೆ.

ನನಗೆ ಆಗ ಹೊಳೆಯಿತು. ಒಳಗೆ ಬುಡ್ಡಿ ಉರಿಯುತ್ತಿದ್ದರೆ ಪೆಟ್ಟಿಗೆಯ ತಲೆ ಬೆಚ್ಚಗಿರುತ್ತಿತ್ತು. ಅದಕ್ಕೇ ಅವರು ಟೀ ಅಲ್ಲಿ ಇಡುತ್ತಿದ್ದದ್ದು. ನುಡಿಸಿ ಮುಗಿಸುವವರೆಗೂ ಆರದೇ ಇರಲಿ ಅಂತ. ತಕ್ಕಡಿಗೂ ಹೊಳೆಯಿತು. ಅವನ ಒಂದು ಕಾಲು ಇನ್ನೂ ಪರದೆಯ ಹಿಂದೆಯೇ ಇತ್ತು, ತೆಗೆಯಲೂ ಆಗಲಿಲ್ಲ.

“ಮಾವ...” ಅಂದ.

ಮಾವ ಅವನ ಕಡೆ ನೋಡಲೇ ಇಲ್ಲ. ಅವನ ಹೆಂಡತಿಯ ಕಡೆಗೆ ಲೋಟ ಚಾಚಿದರು. “ಟೀ ಆರಿಹೋಗಿದೆ ಕಣಮ್ಮ. ಸ್ವಲ್ಪ ಬಿಸಿ ಮಾಡಿ ತರ್ತೀಯಾ? ಇನ್ನೊಂದು ನುಡಿಸ್ತೀನಿ.”

ಅವಳು ಬಿಸಿ ಮಾಡಿ ತಂದಳು. ಈ ಸಲ ಮಾವ ಲೋಟವನ್ನು ಪೆಟ್ಟಿಗೆಯ ಮೇಲೆ ಇಡಲಿಲ್ಲ, ಪಕ್ಕದ ಕಿಟಕಿಯ ಕಟ್ಟೆ ಮೇಲೆ ಇಟ್ಟರು. ಇನ್ನೊಂದು ನುಡಿಸಿದರು, ಮೊದಲಿನದಕ್ಕಿಂತ ಚೆನ್ನಾಗಿಯೇ ನುಡಿಸಿದರು. ಟೀ ಕುಡಿದರು. ಹೊರಡುವಾಗ ತಕ್ಕಡಿಯ ಬೆನ್ನು ತಟ್ಟಿ, “ತುಂಬಾ ಕಷ್ಟಪಟ್ಟಿದೀಯ ಕಣೋ,” ಅಂದರು. ಅಷ್ಟೇ. ಪೆಟ್ಟಿಗೆಯ ಮಾತು ಎತ್ತಲಿಲ್ಲ.

ಆಪರೇಷನ್ ಆಯಿತು. ಬೆರಳು ನೆಟ್ಟಗಾದವು, ಮಡಚಲು ಬರಲಿಲ್ಲ. ಮಾವ ಆಮೇಲೆ ಗಿಟಾರ್ ಮುಟ್ಟಲಿಲ್ಲ. ಫೋನಿನಲ್ಲಿ ಎಲ್ಲರ ಆರೋಗ್ಯ ವಿಚಾರಿಸುತ್ತಾರೆ, ನನ್ನದನ್ನೂ ವಿಚಾರಿಸುತ್ತಾರೆ.

ಒಂದು ಮಧ್ಯಾಹ್ನ ಗಿರಾಕಿ ಯಾರೂ ಇರಲಿಲ್ಲ. ತಕ್ಕಡಿ ಬಂದು ನನ್ನ ಪಾರ್ಲರಿನ ಕುರ್ಚಿಯಲ್ಲಿ, ಹುಬ್ಬು ತೆಗೆಸಿಕೊಳ್ಳುವವರ ಹಾಗೆ ತಲೆ ಹಿಂದಕ್ಕೆ ಹಾಕಿ ಕೂತ. ಕಣ್ಣಿಂದ ನೀರು ಕಿವಿಗೆ ಇಳಿಯುತ್ತಿತ್ತು.

“ಒಂದು ಮಾತು ಬೈದಿದ್ರೆ ಚೆನ್ನಾಗಿತ್ತು ಅಕ್ಕ. ಅವರು ಬೈಯಲೇ ಇಲ್ಲ. ನಾನೇ ಹೋಗಿ ಹೇಳೋಣ ಅಂತ ಎರಡು ಸಲ ಹೋದೆ. ಬಾಯಿ ತೆರೆದ್ರೆ ಸಾಕು, ಊಟ ಆಯ್ತಾ ಅಂತಾರೆ.” ಆಮೇಲೆ ಕುರ್ಚಿಯಿಂದಲೇ ನನ್ನ ಕಡೆ ತಿರುಗಿ ಕೇಳಿದ: “ನೀವಾದ್ರೂ ಬೈಯ್ರಿ ಅಕ್ಕ. ಮಾವ ಬೈದಿದ್ರೆ ಹೇಗೆ ಬೈತಿದ್ರೋ, ಹಾಗೆ.”

ಬೈಯುವುದರಲ್ಲಿ ನನ್ನ ಕೈ ಹಿಡಿಯುವವರಿಲ್ಲ. ಕೈಯಲ್ಲಿದ್ದ ಬಾಚಣಿಗೆ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಶುರು ಮಾಡಿದೆ. “ಲೋ ಬುದ್ಧಿಗೇಡಿ, ನಂಬಿ ಇಟ್ಟು ಹೋದ ಸಾಮಾನು ಕಣೋ ಅದು! ಅದನ್ನ ಬಿಚ್ಚೋಕೆ ಕೊಟ್ಯಲ್ಲೋ! ಒಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿನಗೆ?” ಮೇಲಿನ ಮನೆಯ ಕಿಟಕಿ ತೆರೆಯಿತು. ನಾನು ನಿಲ್ಲಿಸಲಿಲ್ಲ. ಗೊತ್ತಿದ್ದ ಬೈಗುಳವೆಲ್ಲ ಮುಗಿಯುವವರೆಗೂ ಬೈದೆ, ಬೈಯುತ್ತಾ ಬೈಯುತ್ತಾ ನನಗೇ ಅಳು ಬಂತು.

ಅವನು ಕಣ್ಣು ಮುಚ್ಚಿಕೊಂಡು, ಒಂದು ಕಿವಿಯನ್ನು ಸ್ವಲ್ಪ ಈ ಕಡೆಗೆ ವಾಲಿಸಿ, ಪೂರ್ತಿ ಕೇಳಿಸಿಕೊಂಡ. ಆಮೇಲೆ ನಿಧಾನಕ್ಕೆ ತಲೆ ಅಲ್ಲಾಡಿಸಿದ.

“ಹತ್ತಿರ ಬಂದಿದೆ ಅಕ್ಕ,” ಅಂದ. “ಆದ್ರೆ ಅದಲ್ಲ.”